ಅನಿಮೋನ್ ಇರೋ ಟ್ಯಾಂಕ್‌ಗೆ ಶ್ರಿಂಪ್ ಬಿಟ್ಟೆ, ಒಂದು ಕಾಣ್ತಿಲ್ಲ, ಝೋವಾ ಬೇರೆ ಮುಚ್ಕೊಂಡಿದೆ, ಗೊತ್ತಿರೋರು ಹೇಳಿ

ಹವಳದ_ಹುಚ್ಚ:

ಎಲ್ರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದ್ಲು. ಬೆಂಗ್ಳೂರಿನ ವಿಜಯನಗರದಲ್ಲಿ ಮನೆ, 3 ಅಡಿ ಉಪ್ಪುನೀರಿನ ಟ್ಯಾಂಕು, ಸಂಪ್ (ಫಿಲ್ಟರ್ ಇಡೋ ಪಕ್ಕದ ತೊಟ್ಟಿ) ಎಲ್ಲಾ ಸೇರಿ ಹತ್ತಿರ ಹತ್ತಿರ 200 ಲೀಟರ್ ನೀರು. ವರ್ಷದ ಮೇಲಾಯ್ತು ಓಡ್ತಿದೆ. ಒಳಗೆ ಒಂದ್ ಜೊತೆ ಕ್ಲೌನ್ ಮೀನು, ಒಂದು ಗೋಬಿ ಮೀನು, ಒಂದು ಬಬಲ್ ಟಿಪ್ ಅನಿಮೋನ್ (ಕುಟುಕೋ ಟೆಂಟಕಲ್, ಅಂದ್ರೆ ಎಳೆಯಂಥ ಕೈಗಳಿರೋ ಸಮುದ್ರಜೀವಿ, ಅಂಗೈಗಿಂತ ದೊಡ್ಡದಾಗಿದೆ ಈಗ), ಆಮೇಲೆ ಝೋವಾ, ಮಶ್ರೂಮು, ಒಂದು ಟೋಡ್‌ಸ್ಟೂಲ್ ಲೆದರ್. ಬರೀ ಸಾಫ್ಟ್ ಕೋರಲ್ಸ್ (ಮೆತ್ತನೆ ಹವಳಗಳು) ಅಷ್ಟೇ.

ಈಗ ವಿಷ್ಯ ಏನಪ್ಪಾ ಅಂದ್ರೆ ಎಡಗಡೆ ರಾಕ್ ಮೇಲೆ ಐಪ್ಟೇಸಿಯಾ (ಕಳೆ ಥರ ಹಬ್ಬೋ ಚಿಕ್ಕ ಅನಿಮೋನ್) ಹುಟ್ಕೊಂಡಿತ್ತು, ಮೊದ್ಲು ಒಂದೋ ಎರಡೋ ಇತ್ತು, ನೋಡ್ತಾ ನೋಡ್ತಾ ಝೋವಾ ಪಕ್ಕದಲ್ಲೆಲ್ಲಾ ಬಂದ್ಬಿಡ್ತು. ಅಂಗಡಿಯವ್ರು ಪೆಪರ್‌ಮಿಂಟ್ ಶ್ರಿಂಪ್ ಬಿಡಿ ಅದೇ ತಿನ್ಕೊಂಡ್ ಹೋಗುತ್ತೆ ಅಂದ್ರು. ಸರಿ ಅಂತ ಒಂದು ಪೆಪರ್‌ಮಿಂಟ್, ಜೊತೆಗೆ ಆಸೆಗೆ ಎರಡು ಸ್ಕಂಕ್ ಕ್ಲೀನರ್ ಶ್ರಿಂಪ್ ತಂದು ಬಿಟ್ಟೆ. ಮೊದ್ಲೆರಡು ವಾರ ಎಲ್ಲಾ ಚೆನ್ನಾಗೇ ಇತ್ತು, ಕ್ಲೀನರ್‌ಗಳಂತೂ ಕೈ ಹಾಕಿದ್ರೆ ಬಂದು ಉಗುರು ಕೆರೀತಾವೆ. ಈಗ ಒಂದು ಕ್ಲೀನರ್ ನಾಪತ್ತೆ. ನಿನ್ನೆ ಬೆಳಿಗ್ಗೆ ಲೈಟ್ ಆನ್ ಆದಾಗ ಅನಿಮೋನ್ ಟೆಂಟಕಲ್ ಮಧ್ಯೆ ಶ್ರಿಂಪ್ ಆಕಾರದ್ದೇ ಏನೋ ಸಿಕ್ಕಾಕೊಂಡಿತ್ತು, ಅದನ್ನ ಅನಿಮೋನ್ ಒಳಗೆ ಎಳ್ಕೊಂಡಂಗೂ ಇತ್ತು, ಸ್ವಲ್ಪ ಹೊತ್ತಾದ್ಮೇಲೆ ಉಗಿದಂಗೂ ಇತ್ತು. ಇನ್ನೊಂದು ಕಡೆ ಝೋವಾ ಒಂದು ಕಾಲನಿ ಪೂರ್ತಿ ಮುಚ್ಕೊಂಡಿದೆ, ಅಂಚಲ್ಲಿ ಕೆಲವು ಪಾಲಿಪ್ (ಕಾಲನಿಯ ಹೂವಿನಂಥ ಬಿಡಿ ಜೀವಿಗಳು) ಕಾಣ್ತಾನೇ ಇಲ್ಲ.

ಸ್ಯಾಲಿನಿಟಿ (ಉಪ್ಪಿನಂಶ) 1.025, ಅಮೋನಿಯಾ ಸೊನ್ನೆ, ನೈಟ್ರೇಟ್ 10. ಟೆಂಪರೇಚರ್ ಬೆಳಿಗ್ಗೆ 26, ಮಧ್ಯಾಹ್ನ 28 ದಾಟ್ತಿದೆ, ಈ ಏಪ್ರಿಲ್ ಸೆಖೆ ಗೊತ್ತಲ್ವಾ.

ಅನಿಮೋನ್ ಮತ್ತೆ ಶ್ರಿಂಪ್ ಒಟ್ಟಿಗೆ ಇಡೋಕೇ ಆಗಲ್ವಾ? ಇರೋ ಎರಡನ್ನ ತೆಗೆದು ವಾಪಸ್ ಕೊಡ್ಲಾ? ಐಪ್ಟೇಸಿಯಾ ಹಂಗೇ ಇದೆ, ಒಂದೂ ಕಮ್ಮಿ ಆಗಿಲ್ಲ. ಆ ರಾಕ್ ತೆಗೆದು ಬಿಸಿನೀರಲ್ಲಿ ಉಜ್ಜಿಬಿಡೋಣ ಅಂತಾನೂ ಅನ್ನಿಸ್ತಿದೆ.

ಸಂಪ್_ಸದ್ದು:

ಅನಿಮೋನ್ ತಿಂದಿದೆ ಗುರು, ಕಥೆ ಮುಗೀತು. ಅನಿಮೋನ್ ಟ್ಯಾಂಕ್ ಬೇರೆ, ಕೋರಲ್ ಟ್ಯಾಂಕ್ ಬೇರೆ, ಶ್ರಿಂಪ್ ಟ್ಯಾಂಕ್ ಬೇರೆ ಇಟ್ರೆ ನೆಮ್ಮದಿ.

ಉಪ್ಪುನೀರು:

ಮೊದಲನೇ ಕೆಲಸ, ದಯವಿಟ್ಟು ಆ ರಾಕ್‌ಗೆ ಬಿಸಿನೀರು ಹಾಕ್ಬೇಡಿ. ಉಳಿದಿದ್ದೆಲ್ಲಾ ಆಮೇಲೆ ಮಾತಾಡೋಣ. ಝೋವಾ, ಪಾಲಿಥೋವಾ ಜಾತಿಯಲ್ಲಿ ಪಾಲಿಟಾಕ್ಸಿನ್ ಅಂತ ವಿಷ ಇರುತ್ತೆ, ಎಲ್ಲಾ ಝೋವಾದಲ್ಲೂ ಒಂದೇ ಸಮ ಇರಲ್ಲ, ಆದ್ರೆ ನಿಮ್ದ್ರಲ್ಲಿ ಎಷ್ಟಿದೆ ಅಂತ ನೋಡಿ ಹೇಳೋಕಾಗಲ್ಲ. ರಾಕ್ ಕುದಿಸೋದು, ಬಿಸಿನೀರು ಸುರಿದು ಬ್ರಷ್ ಹಾಕಿ ಉಜ್ಜೋದು ಮಾಡಿದ್ರೆ ಆ ಆವಿ, ತುಂತುರು ಉಸಿರಲ್ಲಿ ಹೋಗುತ್ತೆ, ಹೊರದೇಶಗಳಲ್ಲಿ ಇಡೀ ಮನೆಯವರೇ ಆಸ್ಪತ್ರೆ ಸೇರಿರೋ ಕೇಸ್‌ಗಳಿವೆ. ಝೋವಾ ಮುಟ್ಟುವಾಗ ಗ್ಲೌಸ್, ಕತ್ತರಿಸೋದಿದ್ರೆ ಕಣ್ಣಿಗೂ ಕನ್ನಡಕ. ಕೈಮೇಲೆ ಗಾಯ ಇದ್ರೆ ಮುಟ್ಲೇಬೇಡಿ.

ಈಗ ನಿಮ್ಮ ಶ್ರಿಂಪ್ ವಿಷ್ಯಕ್ಕೆ ಬರ್ತೀನಿ. ಅನಿಮೋನ್ ಮೇಲೆ ಇಷ್ಟು ಬೇಗ ಆರೋಪ ಹೊರಿಸ್ಬೇಡಿ. ನೀವು ನೋಡಿದ್ದು ಶ್ರಿಂಪ್ ಹೆಣಾನೋ, ಇಲ್ಲ ಅದು ಬಿಟ್ಟ ಚಿಪ್ಪೋ? ಶ್ರಿಂಪ್ ಬೆಳೀತಾ ಬೆಳೀತಾ ಮೈಮೇಲಿನ ಚಿಪ್ಪು ಕಳಚುತ್ತೆ, ಕ್ಲೀನರ್‌ಗಳು ಕೆಲವು ವಾರಕ್ಕೊಂದ್ಸಲ ಕಳಚ್ತಾನೇ ಇರ್ತಾವೆ. ಆ ಚಿಪ್ಪು ಕಾಲು ಮೀಸೆ ಸಮೇತ ಇಡೀ ಶ್ರಿಂಪ್ ಥರಾನೇ ಕಾಣುತ್ತೆ, ಗೊತ್ತಿಲ್ದೋರು ಸತ್ತೋಯ್ತು ಅಂದ್ಕೋಬೇಕು ಹಂಗಿರುತ್ತೆ. ಹಗುರ ಇರೋದ್ರಿಂದ ಫ್ಲೋದಲ್ಲಿ ತೇಲ್ಕೊಂಡ್ ಹೋಗಿ ಅನಿಮೋನ್‌ಗೆ ಅಂಟ್ಕೊಳುತ್ತೆ, ಅನಿಮೋನ್ ಏನು ಸಿಕ್ಕಿದ್ರೂ ಬಾಯಿಗೆ ಹಾಕ್ಕೊಂಡು ನೋಡುತ್ತೆ, ತಿರುಳಿಲ್ಲ ಅಂತ ಗೊತ್ತಾದ್ಮೇಲೆ ಉಗಿಯುತ್ತೆ. ನೀವು ಬರೆದಿರೋದು ಓದಿದ್ರೆ ನಂಗೆ ಹಂಗೇ ಅನ್ನಿಸ್ತಿದೆ.

ಅದು ಇನ್ನೂ ಟ್ಯಾಂಕಲ್ಲಿ ಬಿದ್ದಿದ್ರೆ ಎತ್ತಿ ಒಂದು ಬಿಳಿ ತಟ್ಟೆ ಮೇಲೆ ಇಟ್ಟು ನೋಡಿ. ಚಿಪ್ಪಾದ್ರೆ ಗಾಜಿನ ಥರ ಪಾರದರ್ಶಕ, ಒಳಗೆ ಟೊಳ್ಳು, ತಲೆಭಾಗ ಮತ್ತೆ ಹೊಟ್ಟೆಭಾಗ ಸೇರೋ ಜಾಗದಲ್ಲಿ ಬೆನ್ನ ಮೇಲೆ ಬಾಯಿ ತೆರೆದಂಗೆ ಸೀಳಿರುತ್ತೆ, ಶ್ರಿಂಪ್ ಅಲ್ಲಿಂದ್ಲೇ ಹೊರಗೆ ಬರೋದು. ಸತ್ತ ಶ್ರಿಂಪ್ ಆದ್ರೆ ಬೇಯಿಸಿದ ಸೀಗಡಿ ಥರ ಬೆಳ್ಳಗೆ ಗುಲಾಬಿ ಆಗಿರುತ್ತೆ, ಹಿಸುಕಿದ್ರೆ ಮಾಂಸ ಸಿಗುತ್ತೆ, ವಾಸನೆ ಕೇಳ್ಲೇಬೇಡಿ.

ಚಿಪ್ಪು ಕಳಚಿದ್ಮೇಲೆ ಮೈ ಮೆತ್ತಗಿರುತ್ತೆ, ಆ ಟೈಮಲ್ಲಿ ಯಾರ್ ಬೇಕಾದ್ರೂ ತಿನ್ನಬಹುದು ಅಂತ ಅದಕ್ಕೂ ಗೊತ್ತು, ಒಂದೆರಡು ದಿನ ರಾಕ್ ಸಂದಿಯಿಂದ ಈಚೆಗೇ ಬರಲ್ಲ. ಹುಡುಕ್ತೀನಿ ಅಂತ ರಾಕ್ ಎತ್ತಾಡ್ಬೇಡಿ, ಅದೇ ಅದಕ್ಕೆ ಅಪಾಯ.

ಇನ್ನೊಂದು. ಪೆಪರ್‌ಮಿಂಟ್ ಅಂತ ಕೊಟ್ಟಿದ್ದು ನೋಡೋಕೆ ಹೆಂಗಿದೆ? ಫೋಟೋ ಹಾಕಿ, ಇಲ್ಲ ಬೆನ್ನು ಹೆಂಗಿದೆ ಅಂತ ಬರೀರಿ. ನಂಗೆ ಝೋವಾ ವಿಷ್ಯದಲ್ಲಿ ಅದ್ರ ಮೇಲೇ ಅನುಮಾನ.

ಸಂಪ್_ಸದ್ದು:

ಅಣ್ಣಾ ಶ್ರಿಂಪ್ ಎಲ್ಲಾ ರೀಫ್ ಸೇಫ್ (ಕೋರಲ್‌ಗೆ ತೊಂದ್ರೆ ಕೊಡಲ್ಲ) ತಾನೇ, ಝೋವಾಗೂ ಅದಕ್ಕೂ ಏನ್ ಸಂಬಂಧ? ಲೈಟ್ ಜಾಸ್ತಿ ಆಗಿರುತ್ತೆ.

ಉಪ್ಪುನೀರು:

ಎಲ್ಲಾ ಶ್ರಿಂಪ್ ರೀಫ್ ಸೇಫ್ ಅನ್ನೋದನ್ನ ಯಾರು ಹಬ್ಬಿಸಿದ್ರೋ ಗೊತ್ತಿಲ್ಲ. ಕ್ಯಾಮೆಲ್ ಶ್ರಿಂಪ್ ಅಂತ ಒಂದಿದೆ, ಹೆಸರಿಗೆ ತಕ್ಕಂಗೆ ಬೆನ್ನು ಗೂನು. ಅದು ಝೋವಾ, ಮಶ್ರೂಮ್, ಲೆದರ್ ಎಲ್ಲಾ ಕಿತ್ಕೊಂಡ್ ತಿನ್ನುತ್ತೆ. ಪೆಪರ್‌ಮಿಂಟ್ ಮೂಲತಃ ಅಟ್ಲಾಂಟಿಕ್ ಕಡೇದು, ಕ್ಯಾಮೆಲ್ ನಮ್ಮ ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆ ಸಿಗೋದು. ನಮ್ಮೂರ ಅಂಗಡಿಗೆ ಯಾವ್ದು ಸುಲಭವಾಗಿ, ಕಮ್ಮಿ ರೇಟಿಗೆ ಬರುತ್ತೆ ಅಂತ ನೀವೇ ಯೋಚ್ನೆ ಮಾಡಿ. ಎರಡೂ ಕೆಂಪು ಪಟ್ಟೆ ಪಟ್ಟೆ, ಗೊತ್ತಿಲ್ದೇ ಇರೋ ಅಂಗಡಿಯವ್ರಿಗೂ ಗೊತ್ತಾಗಲ್ಲ.

ಹವಳದ_ಹುಚ್ಚ:

ಸರ್ ತುಂಬಾ ಥ್ಯಾಂಕ್ಸ್. ಅದು ಇನ್ನೂ ಮೂಲೇಲಿ ಬಿದ್ದಿತ್ತು, ಇಕ್ಕಳದಲ್ಲಿ ಎತ್ತಿ ನೀವು ಹೇಳ್ದಂಗೆ ತಟ್ಟೇಲಿ ಇಟ್ಟು ನೋಡ್ದೆ. ಪೂರ್ತಿ ಟೊಳ್ಳು, ಬೆರಳಿಗೆ ಅಂಟ್ಕೊಂಡ್ರೆ ಪ್ಲಾಸ್ಟಿಕ್ ಪೇಪರ್ ಥರ, ಬೆನ್ನ ಮೇಲೆ ಸೀಳಿದೆ, ಕಣ್ಣಿನ ಗುಂಡೀನೂ ಹಂಗೇ ಇದೆ ಆದ್ರೆ ಖಾಲಿ! ಆದ್ರೆ ಶ್ರಿಂಪ್ ಮಾತ್ರ ಇನ್ನೂ ಕಂಡಿಲ್ಲ.

ಪೆಪರ್‌ಮಿಂಟ್ ಫೋಟೋ ಸರಿಯಾಗಿ ಬರ್ತಿಲ್ಲ, ಹಗಲಲ್ಲಿ ಆಚೆ ಬರೋದೇ ಇಲ್ಲ. ನೆನಪಿನ ಮೇಲೆ ಹೇಳ್ಬೇಕು ಅಂದ್ರೆ ಕೆಂಪು, ಮೈಮೇಲೆ ಬಿಳಿ ಗೆರೆ, ಬಿಳಿ ಚುಕ್ಕೆ, ಕಣ್ಣು ದೊಡ್ಡದು. ಬೆನ್ನು ಹೌದು, ಒಂಥರಾ ಮೇಲೆದ್ದಿದೆ.

ಉಪ್ಪುನೀರು:

ಬಿಳಿ ಗೆರೆ ಬಿಳಿ ಚುಕ್ಕೆ ಅಂದ್ರಲ್ಲ, ಅಲ್ಲಿಗೆ ಮುಗೀತು. ಪೆಪರ್‌ಮಿಂಟ್ ಮೈ ಅರೆ ಪಾರದರ್ಶಕ, ಅದ್ರ ಮೇಲೆ ಉದ್ದುದ್ದಕ್ಕೆ ಕೆಂಪು ಗೆರೆ, ಬಿಳಿ ಅನ್ನೋದೇ ಇರಲ್ಲ. ಕ್ಯಾಮೆಲ್‌ಗೆ ಕೆಂಪಿನ ಜೊತೆ ಬಿಳಿ ಗೆರೆಗಳು ಬಲೆ ಹೆಣೆದಂಗೆ ಇರುತ್ತೆ, ಮಧ್ಯೆ ಚುಕ್ಕೆ. ಇನ್ನೊಂದು ಗುರುತು, ತಲೆ ಮುಂದೆ ಇರೋ ಕೊಕ್ಕಿನಂಥ ಮುಳ್ಳು ಇದ್ರಲ್ಲಿ ಮೇಲೆ ಕೆಳಗೆ ಆಡುತ್ತೆ, ಕೀಲು ಇರುತ್ತೆ ಅದಕ್ಕೆ. ಬೇರೆ ಶ್ರಿಂಪ್‌ಗೆ ಅದು ಆಡಲ್ಲ.

ನಂಬಿಕೆ ಬರ್ಲಿಲ್ಲ ಅಂದ್ರೆ ರಾತ್ರಿ ಲೈಟ್ ಆಫ್ ಆಗಿ ಒಂದೆರಡು ಗಂಟೆ ಆದ್ಮೇಲೆ ಟಾರ್ಚ್ ಮುಂದೆ ಕೆಂಪು ಜಿಲೇಟಿನ್ ಪೇಪರ್ ಕಟ್ಟಿ ನೋಡಿ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರಲ್ಲ. ಝೋವಾ ಹತ್ರಾನೇ ಕಾಯ್ತಾ ಕೂತ್ಕೊಳ್ಳಿ.

ಕೆಂಗೇರಿ_ಟ್ಯಾಂಕ್:

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಂಗೂ ಶ್ರಿಂಪ್ ನಿಲ್ತಾನೇ ಇಲ್ಲ. ನಂದ್ರಲ್ಲಿ ಅನಿಮೋನೇ ಇಲ್ಲ, ಆದ್ರೂ ತಂದಿದ್ದು ತಂದಿದ್ದು ಸಾಯ್ತಾವೆ. ಮೀನೆಲ್ಲಾ ಆರಾಮಾಗಿವೆ. ನೀರು ಅಡುಗೆಮನೆ ಆರ್‌ಓದು, ಬೋರ್‌ವೆಲ್ ನೀರಿಗಿಂತ ವಾಸಿ ಅಂತ ಅದನ್ನೇ ಹಿಡಿದು ಉಪ್ಪು ಕಲ್ಸೋದು. ಇತ್ತೀಚೆಗಷ್ಟೇ ಮನೇಲಿ ಫಿಲ್ಟರ್ ಬದಲಾಯ್ಸಿದ್ರು, ಕುಡಿಯೋಕೆ ಒಳ್ಳೇದು ಅಂತ ಕಾಪರ್ ಇರೋದು.

ಉಪ್ಪುನೀರು:

ಕೆಂಗೇರಿಯವ್ರೇ, ನಿಮ್ಮ ಉತ್ತರ ನಿಮ್ಮ ಕೊನೇ ಸಾಲಲ್ಲೇ ಇದೆ. ತಾಮ್ರ! ಮೀನಿಗೆ ಬಿಳಿಚುಕ್ಕಿ ರೋಗ ಬಂದ್ರೆ ತಾಮ್ರದ ಔಷಧಿ ಹಾಕ್ತಾರೆ, ಮೀನು ತಡ್ಕೊಳುತ್ತೆ, ಶ್ರಿಂಪ್, ಬಸವನಹುಳ, ಅನಿಮೋನ್, ಕೋರಲ್ ಒಂದೂ ತಡ್ಕೊಳಲ್ಲ. ಕುಡಿಯೋ ನೀರಿಗೆ ತಾಮ್ರ ಬಿಡೋ ಫಿಲ್ಟರ್ ನಮಗೆ ಒಳ್ಳೇದೋ ಇಲ್ವೋ ಅದು ಬೇರೆ ಮಾತು, ರೀಫ್ ಟ್ಯಾಂಕ್‌ಗಂತೂ ವಿಷ. ಜೊತೆಗೆ ಅಡುಗೆಮನೆ ಆರ್‌ಓಗಳಲ್ಲಿ ರುಚಿಗೆ ಅಂತ ಟಿಡಿಎಸ್ ಕಂಟ್ರೋಲರ್ ಇಟ್ಟು ಸ್ವಲ್ಪ ಹಸೀ ನೀರು ಮಿಕ್ಸ್ ಮಾಡ್ತಾರೆ, ಅಂದ್ರೆ ನಿಮ್ಮ ಬೋರ್‌ವೆಲ್ ನೀರು ಹಿಂಬಾಗಿಲಿಂದ ಟ್ಯಾಂಕಿಗೆ ಬರ್ತಿದೆ. ಬೇರೆ ಒಂದು ಸಾದಾ ಆರ್‌ಓ, ಅದರ ಹಿಂದೆ ಡಿಐ ರೆಸಿನ್ (ಉಳಿದ ಲವಣಾನೂ ಹೀರೋದು) ಡಬ್ಬಿ ಹಾಕ್ಕೊಳ್ಳಿ, ಟಿಡಿಎಸ್ ಮೀಟರಲ್ಲಿ ಸೊನ್ನೆ ಬರ್ಬೇಕು. ಈಗಿರೋ ನೀರಿಗೆ ಕಾಪರ್ ಟೆಸ್ಟ್ ಕಿಟ್ ತಂದು ನೋಡಿ, ತಾಮ್ರ ಹೀರೋ ರೆಸಿನ್ ಸಿಗುತ್ತೆ ಅದನ್ನ ಫಿಲ್ಟರಲ್ಲಿ ಇಡಿ, ನೀರು ಸ್ವಲ್ಪ ಸ್ವಲ್ಪ ಬದಲಾಯ್ಸಿ. ಅಲ್ಲೀವರ್ಗೂ ಶ್ರಿಂಪ್ ತರ್ಬೇಡಿ, ಪಾಪ.

ಹಳೇ ಸೆಕೆಂಡ್ ಹ್ಯಾಂಡ್ ಟ್ಯಾಂಕ್ ತಗೊಳೋರೂ ಕೇಳ್ಕೊಂಡು ತಗೊಳ್ಳಿ, ಅದ್ರಲ್ಲಿ ಮುಂಚೆ ಕಾಪರ್ ಔಷಧಿ ಹಾಕಿದ್ರಾ ಅಂತ. ರಾಕು ಮರಳು ಎಲ್ಲಾ ಹೀರ್ಕೊಂಡಿದ್ದು ನಿಧಾನಕ್ಕೆ ಬಿಡ್ತಾ ಇರುತ್ತೆ.

ನೇತ್ರಾಣಿ_ನೀರು:

ಉಪ್ಪುನೀರು ಅವ್ರು ಹೇಳಿದ್ದೆಲ್ಲಾ ಸರಿ, ನಾನು ಅನಿಮೋನ್ ಬಗ್ಗೆ ಒಂಚೂರು ಸೇರಿಸ್ತೀನಿ. ಊರು ಭಟ್ಕಳ ಕಡೆ, ಈಗ ಬೆಂಗ್ಳೂರಲ್ಲೇ ಇರೋದು, ನೇತ್ರಾಣಿಯಲ್ಲಿ ಡೈವ್ ಮಾಡಿದ್ಮೇಲೇ ಈ ಹುಚ್ಚು ಹಿಡಿದಿದ್ದು.

ಅನಿಮೋನ್ ಅಂತ ಎಲ್ಲಾನೂ ಒಂದೇ ಲೆಕ್ಕಕ್ಕೆ ಹಾಕ್ಬೇಡಿ. ಬಬಲ್ ಟಿಪ್ ಕುಟುಕೋದು ಅಷ್ಟೇನಿಲ್ಲ, ಆರೋಗ್ಯವಾಗಿರೋ ಕ್ಲೀನರ್ ಶ್ರಿಂಪ್ ಮೀಸೆ ತಾಗಿಸಿ ನೋಡಿ ಒಂದೇ ನೆಗೆತಕ್ಕೆ ಹಿಂದಕ್ಕೆ ಹೋಗುತ್ತೆ. ಎಷ್ಟೋ ಟ್ಯಾಂಕಲ್ಲಿ ವರ್ಷಗಟ್ಲೆ ಎರಡೂ ಒಟ್ಟಿಗೆ ಇವೆ. ಕಾರ್ಪೆಟ್ ಅನಿಮೋನ್ ಮಾತ್ರ ಹಂಗಲ್ಲ, ಅದ್ರಲ್ಲೂ ಹ್ಯಾಡೋನಿ ಅನ್ನೋದು, ಕೈ ತಾಗಿದ್ರೆ ಅಂಟ್ಕೊಂಡು ಟೆಂಟಕಲ್ಲೇ ಕಿತ್ತು ಬರುತ್ತೆ ಅಷ್ಟು ಅಂಟು. ಮೀನೇ ಹಿಡಿದು ತಿನ್ನುತ್ತೆ ಅದು, ಇನ್ನು ಶ್ರಿಂಪ್ ಯಾವ ಲೆಕ್ಕ. 3 ಅಡಿ ಟ್ಯಾಂಕಲ್ಲಿ ಕಾರ್ಪೆಟ್ ಇಟ್ಕೊಂಡು ಕ್ಲೀನರ್ ತರೋದು ನನ್ನ ಪ್ರಕಾರ ದಡ್ಡತನ.

ಆದ್ರೆ ಅದೇ ಕಾರ್ಪೆಟ್ ಮೇಲೇ ಹುಟ್ಟಿ ಬೆಳೆಯೋ ಶ್ರಿಂಪ್‌ಗಳೂ ಇವೆ ನೋಡಿ. ಅನಿಮೋನ್ ಶ್ರಿಂಪ್ ಅಂತಾರೆ, ಮೈ ಗಾಜಿನಂಗೆ, ಅಲ್ಲಲ್ಲಿ ದೊಡ್ಡ ಬಿಳಿ ಮಚ್ಚೆ, ಬಾಲದಲ್ಲಿ ಕಿತ್ತಳೆ ಚುಕ್ಕೆ. ಇನ್ನೊಂದು ಸೆಕ್ಸಿ ಶ್ರಿಂಪ್, ಉದ್ದ ಎರಡೂವರೆ ಸೆಂಟಿಮೀಟರ್ ದಾಟಲ್ಲ, ಬಾಲ ಎತ್ಕೊಂಡು ಕುಣೀತಾ ಇರುತ್ತೆ, ಗುಂಪಲ್ಲಿ ಬಿಟ್ರೆ ಚೆನ್ನ. ಇವೂ ತಂದ ತಕ್ಷಣ ಹೋಗಿ ಅನಿಮೋನ್ ಮೇಲೆ ಮಲ್ಕೊಳಲ್ಲ. ಮೊದ್ಲು ಕಾಲಿನ ತುದಿ ತಾಗಿಸೋದು, ಹಿಂದೆ ಹೋಗೋದು, ಮತ್ತೆ ಮೀಸೆ ತಾಗಿಸೋದು, ಹಿಂಗೇ ಗಂಟೆಗಟ್ಲೆ ಮಾಡಿ ಆಮೇಲೆ ಹತ್ತುತ್ತೆ. ಬೇರೆ ಕಡೆ ಇಟ್ಟು ತುಂಬಾ ದಿನ ಆದ್ಮೇಲೆ ತಂದ್ರೆ ಮತ್ತೆ ಮೊದಲಿಂದ ಶುರು. ಅದಕ್ಕೇ ಹೇಳೋದು, ಅನಿಮೋನ್ ಶ್ರಿಂಪ್ ಅಂತ ಹೆಸರಿದೆ ಅಂತ ಕವರಿಂದ ಸೀದಾ ಅನಿಮೋನ್ ಮೇಲೆ ಸುರಿಬೇಡಿ. ಸೆಕ್ಸಿ ಶ್ರಿಂಪ್ ಹಸಿದ್ರೆ ಝೋವಾಗೂ ಬಾಯಿ ಹಾಕೋದುಂಟು, ಅದೂ ತಲೇಲಿರ್ಲಿ.

ಖುಷಿ ವಿಷ್ಯ ಏನಂದ್ರೆ ಇಂಥ ಶ್ರಿಂಪ್‌ಗಳನ್ನ ಈಗ ನಮ್ಮ ದೇಶದಲ್ಲೇ ಮರಿ ಮಾಡಿಸ್ತಿದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಬ್ಯೂರೋದವ್ರು, ಎನ್‌ಬಿಎಫ್‌ಜಿಆರ್ ಅಂತಾರಲ್ಲ, ಅಲ್ಲಿನ ಹೆಂಗಸರಿಗೆ ತರಬೇತಿ ಕೊಟ್ಟು ಸಾಕಿಸ್ತಿದಾರೆ. ಸಮುದ್ರದಿಂದ ಹಿಡಿದು ತಂದಿದ್ದಕ್ಕಿಂತ ಟ್ಯಾಂಕಲ್ಲೇ ಹುಟ್ಟಿದ್ದು ಒಗ್ಗೋದೂ ಸುಲಭ. ಅಂಗಡೀಲಿ ಕೇಳಿ ತಗೊಳ್ಳಿ.

ಸಂಪ್_ಸದ್ದು:

ಸರಿ ಅಕ್ಕಾ ಅನಿಮೋನ್ ತಿನ್ಲಿಲ್ಲ ಅಂತ ಒಪ್ಕೊಂಡೆ. ಆದ್ರೂ ಅನಿಮೋನ್ ನಡೆದಾಡುತ್ತಲ್ಲಾ, ಕೋರಲ್ ಸುಟ್ಟುಹಾಕಲ್ವಾ? ನಾನು ಕೋರಲ್ ಜೊತೆ ಇಡ್ಬೇಡಿ ಅಂದಿದ್ದು ಅದಕ್ಕೇ.

ನೇತ್ರಾಣಿ_ನೀರು:

ಆ ಮಾತಲ್ಲಿ ಹುರುಳಿದೆ. ಹೊಸದಾಗಿ ಬಿಟ್ಟಾಗ ಜಾಗ ಇಷ್ಟ ಆಗೋವರ್ಗೂ ಅಲೀತಾನೇ ಇರುತ್ತೆ, ದಾರೀಲಿ ಸಿಕ್ಕ ಕೋರಲ್‌ನೆಲ್ಲಾ ಕುಟುಕುತ್ತೆ. ವೇವ್‌ಮೇಕರ್ (ಅಲೆ ಎಬ್ಬಿಸೋ ಪಂಪ್) ಜಾಲರಿಗೆ ಸ್ಪಂಜು ಕಟ್ಟಿಲ್ಲ ಅಂದ್ರೆ ಅದ್ರೊಳಗೇ ಹೋಗಿ ನುಣ್ಣಗಾಗಿ ಇಡೀ ಟ್ಯಾಂಕ್ ಹಾಳು. ಅದಕ್ಕೆ ಅನಿಮೋನ್‌ಗೆ ಬೇರೆ ಒಂದು ಒಂಟಿ ರಾಕ್ ಕೊಟ್ಟು ಸುತ್ತ ಮರಳು ಬಿಡ್ಬೇಕು, ಮೊದ್ಲು ಅನಿಮೋನ್ ಕೂರ್ಬೇಕು, ಆಮೇಲೆ ಅದ್ರ ಕೈಗೆ ಸಿಗದಷ್ಟು ದೂರ ಕೋರಲ್ ಇಡ್ಬೇಕು. ಉಬ್ಬಿದಾಗ ಎಷ್ಟಗಲ ಆಗುತ್ತೆ ಅಂತ ಲೆಕ್ಕ ಇಟ್ಕೊಳ್ಳಿ, ಸುಸ್ತಾಗಿ ಮುದುಡಿದಾಗಿನ ಅಳತೆ ಅಲ್ಲ. ಇವ್ರದ್ದು ಕೂತಾಗಿದೆ, ದಪ್ಪ ಆಗಿದೆ, ಅದನ್ನ ಯಾಕೆ ಕೆದಕೋದು.

ಇನ್ನೊಂದು ಯಾರೂ ಹೇಳ್ಲಿಲ್ಲ. ಕ್ಲೀನರ್ ಶ್ರಿಂಪ್ ಕೋರಲ್ ತಿನ್ನಲ್ಲ, ಕೋರಲ್ ಬಾಯಿಂದ ಊಟ ಕಿತ್ಕೊಳುತ್ತೆ! ಅನಿಮೋನ್‌ಗೆ ಒಂದು ತುಂಡು ಮೀನು ಕೊಟ್ರೆ ಅದು ಬಾಯಿ ಮುಚ್ಚೋ ಮೊದ್ಲೇ ಬಂದು ಕೈ ಒಳಗೆ ಹಾಕಿ ಎಳ್ಕೊಂಡ್ ಹೋಗುತ್ತೆ ಕಳ್ಳ ನನ್ಮಗಂದು. ಮಶ್ರೂಮ್ ಮೇಲಂತೂ ಹತ್ತಿ ನಿಂತು ತುಳಿದೂ ತುಳಿದೂ ಪೂರ್ತಿ ಮುದುಡ್ಕೊಳುತ್ತೆ. ನಾನು ಮಾಡೋದು, ಪಂಪ್ ಆಫ್ ಮಾಡಿ ಮೊದ್ಲು ಶ್ರಿಂಪ್‌ಗೆ ಒಂದು ದೊಡ್ಡ ತುಂಡು ಟ್ಯಾಂಕಿನ ಇನ್ನೊಂದು ತುದಿಗೆ ಕೊಡೋದು, ಅದು ಹೊತ್ಕೊಂಡು ಸಂದಿಗೆ ಓಡಿದ್ಮೇಲೆ ಕೋರಲ್‌ಗೆ ಹಾಕೋದು. ಕೋರಲ್ ಚಿಕ್ಕದಾದ್ರೆ ನೀರಿನ ಬಾಟಲಿ ಅರ್ಧ ಕತ್ತರಿಸಿ ಮೇಲೆ ಕವುಚಿ, ಮೂತಿಯಿಂದ ಸಿರಿಂಜಲ್ಲಿ ಊಟ ಬಿಟ್ಟು, ಅದು ನುಂಗೋವರ್ಗೂ ಬಿಡೋದು.

ಹವಳದ_ಹುಚ್ಚ:

ಅಯ್ಯೋ ಅಕ್ಕಾ ನಮ್ಮನೇಲೂ ಡಿಟ್ಟೋ ಇದೇ, ನಾನು ಅನಿಮೋನೇ ಉಗೀತಿದೆ ಅಂದ್ಕೊಂಡಿದ್ದೆ.

ನಿನ್ನೆ ರಾತ್ರಿ ಕೆಂಪು ಟಾರ್ಚ್ ಹಿಡ್ಕೊಂಡು ಕೂತೆ, ಹೆಂಡ್ತಿ ಬಂದು ಏನ್ರೀ ಕತ್ಲಲ್ಲಿ ಅಂತ ಬೈದು ಹೋದ್ಲು. ಹನ್ನೊಂದೂವರೆ ಹತ್ರ ಆ ಗೂನ ಸಂದಿಯಿಂದ ಬಂದ. ಸೀದಾ ಝೋವಾ ಮೇಲೆ. ಮುಚ್ಕೊಂಡಿರೋ ಪಾಲಿಪ್‌ಗೆ ಎರಡೂ ಚಿಕ್ಕ ಚಿಮಟ ಹಾಕಿ, ಒಂದು ಕೈಯಲ್ಲಿ ಹಿಡ್ಕೊಂಡು ಇನ್ನೊಂದ್ರಲ್ಲಿ ಕೀಳ್ತಾನೆ, ಬಾಯಿಗೆ ಹಾಕ್ತಾನೆ, ಮತ್ತೆ ಕೀಳ್ತಾನೆ. ಮೂತಿ ಮುಂದಿನ ಮುಳ್ಳು ಹೌದು ಸರ್ ಮೇಲೆ ಕೆಳಗೆ ಆಡ್ತಿತ್ತು! ಪಕ್ಕದಲ್ಲೇ ಒಂದಿಂಚು ದೂರದಲ್ಲಿ ಐಪ್ಟೇಸಿಯಾ ಆರಾಮಾಗಿ ಅರಳ್ಕೊಂಡು ನಿಂತಿದೆ, ಅದ್ರ ಕಡೆ ತಿರುಗೂ ನೋಡ್ಲಿಲ್ಲ ಪುಣ್ಯಾತ್ಮ. ನಾನು ದುಡ್ಡು ಕೊಟ್ಟು ತಂದಿದ್ದೇ ಅದಕ್ಕೆ.

ಆಮೇಲೆ ಹಿಂದಿನ ರಾಕ್ ಕೆಳಗೆ ಬಿಳೀ ಮೀಸೆ ಕಂಡಂಗಾಯ್ತು, ಒಂದು ಕ್ಲೀನರ್ ಮುಂದೇನೇ ಇತ್ತು, ಅಂದ್ರೆ ಅದು ಇನ್ನೊಂದೇ ಇರ್ಬೇಕು. ಮೈ ಕಾಣ್ಲಿಲ್ಲ.

ಈ ಕ್ಯಾಮೆಲ್ ಹಿಡಿಯೋದು ಹೆಂಗೆ? ಬಲೆ ಹಾಕಿದ್ರೆ ಮಿಂಚಿನಂಗೆ ಓಡುತ್ತೆ. ಐಪ್ಟೇಸಿಯಾಗೆ ಈಗ ಏನ್ ಮಾಡ್ಲಿ, ಬ್ಲೇಡಲ್ಲಿ ಕೆರೆದು ತೆಗೀಲಾ?

ಉಪ್ಪುನೀರು:

ಕೆರೀಬೇಡಿ, ಕೆರೀಬೇಡಿ. ಐಪ್ಟೇಸಿಯಾ ಬುಡದ ಚೂರು ರಾಕ್ ಮೇಲೆ ಉಳಿದ್ರೆ ಸಾಕು, ಅದ್ರಿಂದ್ಲೇ ಇನ್ನೊಂದು ಹುಟ್ಟುತ್ತೆ. ಒಂದು ಕೆರೆದ್ರೆ ನಾಲ್ಕು. ಕಾಲ್ಕ್ ಪುಡಿ, ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡು, ನಮ್ಮ ಎಲೆಅಡಿಕೆ ಸುಣ್ಣದ್ದೇ ಜಾತಿ, ಆದ್ರೆ ಅಕ್ವೇರಿಯಂಗೆ ಅಂತ ಸಿಗೋ ಶುದ್ಧ ಪುಡಿನೇ ತಗೊಳ್ಳಿ, ಬೀಡಾ ಅಂಗಡಿ ಸುಣ್ಣ ತಂದು ಹಾಕ್ಬೇಡಿ. ಆರ್‌ಓ ನೀರಲ್ಲಿ ಗಟ್ಟಿ ಪೇಸ್ಟ್ ಕಲ್ಸಿ, ಪಂಪ್ ಎಲ್ಲಾ ಆಫ್ ಮಾಡಿ, ಸಿರಿಂಜಲ್ಲಿ ಮೆಲ್ಲಗೆ ಅದ್ರ ಬಾಯಿ ಮೇಲೇ ಬಿಡ್ಬೇಕು, ಬೆದರಿಸಿದ್ರೆ ತೂತಿನೊಳಗೆ ಸೇರ್ಕೊಳುತ್ತೆ. ಸ್ವಲ್ಪ ಹೊತ್ತು ಹಂಗೇ ಬಿಟ್ಟು ಪಂಪ್ ಆನ್ ಮಾಡಿ. ಒಂದೇ ದಿನ ಎಲ್ಲಾನೂ ಕೊಲ್ಲೋಕೆ ಹೋಗ್ಬೇಡಿ, ಪಿಎಚ್ ಏರುತ್ತೆ, ದಿನಕ್ಕೆ ಎರಡೋ ಮೂರೋ ಸಾಕು. ಝೋವಾಕ್ಕೆ, ನಿಮ್ಮ ಬಬಲ್ ಟಿಪ್‌ಗೆ ತಾಗದಂಗೆ ನೋಡ್ಕೊಳ್ಳಿ, ಅದೂ ಅನಿಮೋನೇ ತಾನೇ.

ಅಸಲಿ ಪೆಪರ್‌ಮಿಂಟ್ ಸಿಕ್ಕಿದ್ರೆ ತನ್ನಿ, ಆದ್ರೆ ಅದೂ ಗ್ಯಾರಂಟಿ ಅಲ್ಲ. ಚಿಕ್ಕ ಚಿಕ್ಕ ಐಪ್ಟೇಸಿಯಾ ತಿನ್ನುತ್ತೆ, ದೊಡ್ಡದ್ರ ತಂಟೆಗೆ ಹೋಗಲ್ಲ, ನೀವು ದಿನಾ ಹೊಟ್ಟೆತುಂಬಾ ಊಟ ಹಾಕ್ತಿದ್ರೆ ಅದನ್ನೂ ತಿನ್ನಲ್ಲ.

ಹಿಡಿಯೋಕೆ ಬಲೆ ಬೇಡ. 1 ಲೀಟರ್ ಬಾಟಲಿ ಮೇಲ್ಭಾಗ ಕತ್ತರಿಸಿ ಅದನ್ನೇ ಉಲ್ಟಾ ಮಾಡಿ ಒಳಗೆ ತೂರಿಸಿ, ಊರಲ್ಲಿ ಮೀನು ಹಿಡಿಯೋ ಕೂಳಿ ಇರುತ್ತಲ್ಲ ಆ ಥರ. ಒಳಗೆ ಒಂದು ತುಂಡು ಸೀಗಡಿನೋ ಮೀನೋ, ತಳಕ್ಕೆ ಒಂದು ಕಲ್ಲು. ಝೋವಾ ಹತ್ರ ಮಲಗಿಸಿ ರಾತ್ರಿ ಬಿಡಿ. ಆ ದಿನ ಬೇರೆ ಊಟ ಹಾಕ್ಬೇಡಿ. ಕ್ಲೀನರ್‌ಗಳು ಮೊದ್ಲು ನುಗ್ಗುತ್ತವೆ ಅದು ಖಂಡಿತ, ಅವನ್ನ ಬಿಟ್ಟು ಮತ್ತೆ ಇಡಿ. ಮೂತಿ ಅಗಲ ಇರ್ಲಿ, ಒಳಗೆ ಹೋದವು ಬೆಳಿಗ್ಗೆವರ್ಗೂ ಉಸಿರಾಡ್ಬೇಕಲ್ಲ, ಬಾಟಲಿ ಮೈಗೆ ಕಾದ ಸೂಜೀಲಿ ತೂತು ಹೊಡೀರಿ.

ಕ್ಯಾಮೆಲ್ ಮೇಲೆ ಕೋಪ ಬೇಡ, ಅದು ಅದ್ರ ಊಟ ಮಾಡ್ತಿದೆ. ಕೋರಲ್ ಇಲ್ದೇ ಇರೋ ಟ್ಯಾಂಕಲ್ಲಿ ಚೆನ್ನಾಗೇ ಇರುತ್ತೆ.

ಆಮೇಲೆ ನಿಮ್ಮ 28 ಡಿಗ್ರಿ ಬಗ್ಗೆ. ಫ್ಯಾನ್ ಇಟ್ಟಿದೀರಾ? ಇಟ್ಟಿದ್ರೆ ಒಳ್ಳೇದು, ಆದ್ರೆ ಫ್ಯಾನ್ ಗಾಳಿಗೆ ನೀರು ಆವಿಯಾಗುತ್ತೆ, ಉಪ್ಪು ಆವಿಯಾಗಲ್ಲ, ಸಂಜೆ ಹೊತ್ತಿಗೆ ಸ್ಯಾಲಿನಿಟಿ ಏರಿರುತ್ತೆ, ನೀವು ಆಫೀಸಿಂದ ಬಂದು ಒಂದೇ ಸಲ ಒಂದು ಬಕೆಟ್ ಸಿಹಿನೀರು ಸುರೀತೀರಾ, ಧಡ್ ಅಂತ ಇಳಿಯುತ್ತೆ. ಮೀನಿಗೆ ಏನೂ ಅನ್ಸಲ್ಲ. ಶ್ರಿಂಪ್‌ಗೆ ಈ ಏರಿಳಿತಾನೇ ಆಗಲ್ಲ, ಹೊತ್ತಲ್ಲದ ಹೊತ್ತಲ್ಲಿ ಚಿಪ್ಪು ಕಳಚೋಕೆ ಹೋಗಿ ಅರ್ಧದಲ್ಲೇ ಸಾಯೋದು ಹಿಂಗೇ. ಬೆಂಗ್ಳೂರಲ್ಲಿ ಏಪ್ರಿಲ್ ಮೇ ಬಿಟ್ರೆ ಚಿಲ್ಲರ್ (ನೀರು ತಂಪು ಮಾಡೋ ಯಂತ್ರ) ಇಲ್ದೇನೂ ಬದುಕಬಹುದು, ಚೆನ್ನೈಯವ್ರಿಗೆ ಆ ಭಾಗ್ಯ ಇಲ್ಲ, ಆದ್ರೆ ಈ ಎರಡು ತಿಂಗಳಿಗಾದ್ರೂ ಒಂದು ಆಟೋ ಟಾಪ್ ಅಪ್ (ಆವಿಯಾದಷ್ಟು ಸಿಹಿನೀರು ತಾನೇ ತುಂಬೋದು) ಹಾಕ್ಸಿ. ಬ್ಯಾಟರಿ ಏರ್ ಪಂಪ್ ಒಂದು ಇರ್ಲಿ, ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ, ಮಳೆ ಗಾಳಿಗೆ ಕರೆಂಟ್ ಹೋದ್ರೆ ಮೊದ್ಲು ಒದ್ದಾಡೋದು ಇವೇ.

ಕೆಂಗೇರಿ_ಟ್ಯಾಂಕ್:

ಟೆಸ್ಟ್ ಕಿಟ್ ತಂದೆ ಸರ್, ಫಿಲ್ಟರ್ ನೀರಲ್ಲೇ ಬಣ್ಣ ಬಂತು. ಅಪ್ಪ ಮಾತ್ರ ಆರೋಗ್ಯಕ್ಕೆ ಒಳ್ಳೇದು ಕಣೋ ಮೀನಿಗೆ ಆಗಲ್ಲ ಅಂದ್ರೆ ಹೆಂಗೆ ಅಂತ ಒಂದೇ ಹಠ. ಬೇರೆ ಆರ್‌ಓ ಡಿಐ ನೋಡ್ತಿದೀನಿ. ಶ್ರಿಂಪ್ ಬಿಡೋ ಟೈಮಲ್ಲಿ ಏನೇನು ನೋಡ್ಕೋಬೇಕು ಅಂತಾನೂ ಹೇಳ್ಬಿಡಿ. ಅಯೋಡಿನ್ ಹಾಕ್ಬೇಕು ಅಂತಾರೆ, ಹೌದಾ? ಆಮೇಲೆ ಒಂದು ಹ್ಯಾಮರ್ ಕೋರಲ್ ನೋಡಿಟ್ಟಿದೀನಿ, ಕ್ಲೀನರ್ ಜೊತೆ ಆಗುತ್ತಾ?

ನೇತ್ರಾಣಿ_ನೀರು:

ಹ್ಯಾಮರ್ ವಿಷ್ಯಕ್ಕೆ ನಾನು ಉತ್ತರ ಕೊಡ್ತೀನಿ. ಶ್ರಿಂಪ್ ಜೊತೆ ಆಗುತ್ತೆ, ಕಾನೂನಿನ ಜೊತೆ ಆಗುತ್ತಾ ಅಂತ ಮೊದ್ಲು ನೋಡಿ. ಹ್ಯಾಮರ್ ಕಲ್ಲು ಹವಳ. ಕಲ್ಲು ಹವಳ, ಕಪ್ಪು ಹವಳ, ಆರ್ಗನ್ ಪೈಪ್, ಫೈರ್ ಕೋರಲ್, ಸೀ ಫ್ಯಾನ್ ಎಲ್ಲಾನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ಕ್ಕೆ ಸೇರಿಸಿದಾರೆ, ಹುಲಿ ಇರೋ ಪಟ್ಟಿ ಅದು. ಹೊರದೇಶದ್ದು ಅಂತ ಅಂಗಡಿಯವ್ರು ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಕಾಗದ ಇಲ್ಲ ಅಂದ್ರೆ ಕೈ ಹಾಕ್ಬೇಡಿ. ಝೋವಾ, ಮಶ್ರೂಮ್, ಲೆದರಲ್ಲೇ ಎಷ್ಟು ಬಣ್ಣ ಬೇಕು ಅಷ್ಟಿದೆ.

ಉಪ್ಪುನೀರು:

ಅಯೋಡಿನ್ ಬೇಕಾಗಿಲ್ಲ. ಒಳ್ಳೇ ಸಾಲ್ಟ್ ಮಿಕ್ಸಲ್ಲಿ ನೀರು ಬದಲಾಯ್ಸ್ತಾ ಇದ್ರೆ ಬೇಕಾದಷ್ಟು ಸಿಗುತ್ತೆ. ಟೆಸ್ಟ್ ಮಾಡ್ದೆ ಸುಮ್ನೆ ಸುರಿದ್ರೆ ಜಾಸ್ತಿಯಾಗಿ ಅದೇ ಎಡವಟ್ಟು.

ಬಿಡುವಾಗ ಒಂದೇ ಮುಖ್ಯ, ಅವಸರ ಬೇಡ. ಕವರಲ್ಲಿರೋ ನೀರಿನ ಸ್ಯಾಲಿನಿಟಿ ಮೊದ್ಲು ನೋಡಿ, ಕೆಲವು ಅಂಗಡೀಲಿ ಮೀನಿಗೆ ರೋಗ ಬರ್ದಿರ್ಲಿ, ಉಪ್ಪೂ ಉಳೀಲಿ ಅಂತ 1.020ಕ್ಕಿಂತ ಕಮ್ಮಿ ಇಟ್ಟಿರ್ತಾರೆ. ಅಲ್ಲಿಂದ ನಿಮ್ಮ 1.025ಕ್ಕೆ ಸೀದಾ ಹಾಕಿದ್ರೆ ಶ್ರಿಂಪ್ ಅವತ್ತೇ ಇಲ್ಲ ಮಾರನೇ ದಿನ ಹೋಗುತ್ತೆ, ಆಗ ಅನಿಮೋನ್ ಬಂದು ಹೆಣ ತಿನ್ನುತ್ತೆ, ನೋಡಿದೋರು ಅನಿಮೋನ್ ಕೊಂದ್ತು ಅಂತಾರೆ. ಏರ್ ಪೈಪಿಗೆ ಗಂಟು ಹಾಕಿ ಹನಿ ಹನಿ ಬಿಡಿ, ಎರಡು ಗಂಟೆ ಆದ್ರೂ ಆಗ್ಲಿ. ಲೈಟ್ ಆಫ್ ಮಾಡಿ, ಮೀನುಗಳಿಗೆ ಮೊದ್ಲೇ ಊಟ ಹಾಕಿ, ಡಬ್ಬ ಸಮೇತ ನೀರೊಳಗೆ ಇಳಿಸಿ ಅನಿಮೋನ್‌ನಿಂದ ದೂರದ ಸಂದಿ ಬಾಯಲ್ಲಿ ಬಿಡಿ. ಮೇಲಿಂದ ಬೀಳಿಸ್ಬೇಡಿ, ಹೊಸ ಶ್ರಿಂಪ್ ತೇಲ್ಕೊಂಡು ಇಳಿಯುವಾಗ ಮೀನು ಬಿಡಲ್ಲ, ಇಲ್ಲಾಂದ್ರೆ ಅನಿಮೋನ್ ಮೇಲೇ ಹೋಗಿ ಕೂರುತ್ತೆ.

ಮೀನು ಯಾವ್ದಿದೆ ನೋಡ್ಕೊಳ್ಳಿ. ಹಾಕ್‌ಫಿಶ್, ಟ್ರಿಗರ್, ಲಯನ್‌ಫಿಶ್, ದೊಡ್ಡ ರಾಸ್ ಇದ್ರೆ ಶ್ರಿಂಪ್ ಆಸೆ ಬಿಡಿ. ಸಿಕ್ಸ್‌ಲೈನ್ ರಾಸ್ ಕೂಡ ಸೆಕ್ಸಿ ಶ್ರಿಂಪನ್ನ ಉಳಿಸಲ್ಲ. ಶ್ರಿಂಪ್‌ಗೆ ಶ್ರಿಂಪೇ ಶತ್ರು ಆಗೋದೂ ಉಂಟು, ಕೋರಲ್ ಬ್ಯಾಂಡೆಡ್ ಅಂತ ಕೆಂಪು ಬಿಳಿ ಪಟ್ಟೆ, ಉದ್ದ ಕೈಯಿಂದು, ನೋಡೋಕೆ ಭಾರೀ ಚಂದ, ಅದಿದ್ರೆ ಕ್ಲೀನರ್ ತರ್ಬೇಡಿ. ಹಾರ್ಲೆಕ್ವಿನ್ ಶ್ರಿಂಪ್ ಯಾರೂ ತಗೊಳ್ಬೇಡಿ, ಅದು ತಿನ್ನೋದು ಸ್ಟಾರ್‌ಫಿಶ್ ಮಾತ್ರ, ತಿಂಗಳು ತಿಂಗಳು ಅದಕ್ಕೆ ಸ್ಟಾರ್‌ಫಿಶ್ ತರೋಕೆ ಯಾರಿಗೆ ಆಗುತ್ತೆ.

ಹವಳದ_ಹುಚ್ಚ:

ಅಪ್‌ಡೇಟ್. ಬಾಟಲಿ ಕೂಳಿಗೆ ಮೊದಲ ರಾತ್ರಿ ಕ್ಲೀನರೇ ಬಿತ್ತು, ಎರಡೂ! ಕಳ್ದೋಗಿದ್ದೂ ಸೇರಿ. ಒಂದ್ರ ಹೊಟ್ಟೆ ಕೆಳಗೆ ಹಸಿರು ಹಸಿರು ಏನೋ ಅಂಟ್ಕೊಂಡಿದೆ, ರೋಗನಾ? ಗೂನ ಆಮೇಲೆ ಇನ್ನೊಂದು ರಾತ್ರಿ ಸಿಕ್ದ, ಸದ್ಯ ಸಂಪಲ್ಲಿ ಇಟ್ಟಿದೀನಿ. ಝೋವಾ ಅರ್ಧ ಭಾಗ ತೆರ್ಕೊಂಡಿದೆ, ಅಂಚಲ್ಲಿ ತಿಂದಿದ್ದು ಹಂಗೇ ಬೋಳು. ಕಾಲ್ಕ್ ಪೇಸ್ಟ್ ಶುರು ಮಾಡ್ದೆ, ದೊಡ್ಡ ಐಪ್ಟೇಸಿಯಾ ಒಂದು ಕರಗ್ತು, ಇನ್ನೊಂದು ಒಳಗೆ ಹೋಗಿ ಎರಡು ದಿನಕ್ಕೆ ಮತ್ತೆ ತಲೆ ಹಾಕ್ತು.

ಉಪ್ಪುನೀರು:

ರೋಗ ಅಲ್ಲ, ಮೊಟ್ಟೆ. ಚಿಪ್ಪು ಕಳಚಿದ ಹೊತ್ತಲ್ಲೇ ಜೋಡಿ ಕೂಡೋದು, ಮೊಟ್ಟೆ ಹೊಟ್ಟೆ ಕೆಳಗಿನ ಕಾಲುಗಳಲ್ಲಿ ಹೊತ್ಕೊಳುತ್ತೆ. ದೊಡ್ಡದಾದ್ಮೇಲೆ ಇವಕ್ಕೆ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ, ಇವತ್ತು ಇದು ಹೊತ್ರೆ ಇನ್ನೊಂದ್ಸಲ ಅದು. ಮರಿ ಉಳಿಯುತ್ತೆ ಅಂತ ಆಸೆ ಇಟ್ಕೋಬೇಡಿ, ರಾತ್ರಿ ಬಿಡುತ್ತೆ, ಬೆಳಿಗ್ಗೆ ಅಷ್ಟೊತ್ತಿಗೆ ನಿಮ್ಮ ಕೋರಲ್, ಅನಿಮೋನ್, ಕ್ಲೌನು ಎಲ್ರಿಗೂ ಹಬ್ಬ.

ಒಳಗೆ ಹೋದ ಐಪ್ಟೇಸಿಯಾಗೆ ಇನ್ನೊಂದು ಡೋಸ್ ಕೊಡಿ, ಈ ಸಲ ತೂತಿನ ಬಾಯಿಗೇ ಪೇಸ್ಟ್ ಮೆತ್ತಿಬಿಡಿ.

ಸಂಪ್_ಸದ್ದು:

ಬ್ರೋ ಆ ಗೂನನ್ನ ನಂಗೆ ಕೊಡ್ತೀರಾ? ನಂದು ರಾಜಾಜಿನಗರ, ಪಕ್ಕದಲ್ಲೇ. ಮೀನಿನ ಟ್ಯಾಂಕು, ಕೋರಲ್ ಒಂದೂ ಇಲ್ಲ.

ಹವಳದ_ಹುಚ್ಚ:

ಟ್ರಿಗರ್ ಇಲ್ಲ ತಾನೇ? ಹಾಕ್‌ಫಿಶ್?

ಸಂಪ್_ಸದ್ದು:

ಇಲ್ಲಪ್ಪಾ, ಎರಡು ಕ್ಲೌನು, ಒಂದು ಫಾಕ್ಸ್‌ಫೇಸ್, ಒಂದು ಟ್ಯಾಂಗ್. ಕಾಪರ್ ಔಷಧಿನೂ ಯಾವತ್ತೂ ಹಾಕಿಲ್ಲ, ಕೇಳೋ ಮೊದ್ಲೇ ಹೇಳ್ತಿದೀನಿ.

ಹವಳದ_ಹುಚ್ಚ:

ಸರಿ ಹಂಗಾದ್ರೆ ಭಾನುವಾರ ಬೆಳಿಗ್ಗೆ ಬನ್ನಿ. ಮುಚ್ಚಳ ಇರೋ ಡಬ್ಬ ನೀವೇ ತನ್ನಿ, ಬರೋವಾಗ ನಿಮ್ಮ ಟ್ಯಾಂಕ್ ಸ್ಯಾಲಿನಿಟಿ ನೋಡ್ಕೊಂಡು ಬನ್ನಿ.